ವೇಷದೊಳಗಿನ ಮನುಷ್ಯ
(ನಮ್ಮ ಜಿಲ್ಲೆಯ ಕುಣಿತದ ಕಲಾವಿದರ ಆರೋಗ್ಯ ವಿಚಾರ)

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ

ಕಲೆಯೆಂಬುದು ಮನುಷ್ಯನಿಗೆ ಸಂತೋಷವನ್ನೂ ಸಂಸ್ಕಾರವನ್ನೂ ಕೊಡತಕ್ಕ ವಸ್ತುವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಚಿತ್ರಕಾರನಿಗೆ ಕುಂಚವೂ ಬಣ್ಣವೂ, ಶಿಲ್ಪಿಗೆ ಉಳಿಯೂ ಕಲ್ಲೂ, ವೈಣಿಕನಿಗೆ ವೀಣೆಯೂ ಸಾಧನಗಳು. ಕುಣಿಯುವವನಿಗಾದರೋ ಅವನ ದೇಹವೇ ಸಾಧನ. ಕುಂಚ ಸವೆದರೆ ಹೊಸದನ್ನು ಕೊಳ್ಳಬಹುದು. ತಂತಿ ಹರಿದರೆ ಬೇರೊಂದನ್ನು ಬಿಗಿಯಬಹುದು. ಮೊಣಕಾಲು ಸವೆದರೆ, ಮನಸ್ಸು ಬಾಡಿದರೆ, ಬದಲಿಗೆ ಏನನ್ನು ತರೋಣ? ಆದರೂ ಕುಣಿತವನ್ನು ಕುರಿತು ಬರೆಯುವವರು ತಾಳ, ಹೆಜ್ಜೆ, ಬಣ್ಣ, ಪರಂಪರೆಗಳನ್ನು ವಿವರಿಸಿದಷ್ಟು ಕುಣಿಯುವವನ ಊಟ, ನಿದ್ರೆ, ನೋವುಗಳನ್ನು ವಿವರಿಸಿದ್ದು ಕಡಿಮೆ. ಆ ಕೊರತೆಯನ್ನು ಅಲ್ಪ ಮಟ್ಟಿಗಾದರೂ ತುಂಬುವುದೇ ಈ ಲೇಖನದ ಉದ್ದೇಶ.

ನಮ್ಮ ಉಡುಪಿ ಜಿಲ್ಲೆ ಕುಣಿತದ ನಾಡು. ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು, ದಕ್ಷಿಣಕ್ಕೆ ತೆಂಕುತಿಟ್ಟು ಎಂದು ಸ್ಥೂಲವಾಗಿ ಹೇಳುವುದುಂಟು. ಕಾಪು, ಕಾರ್ಕಳಗಳ ಜನರಿಗೆ ಎರಡರ ರುಚಿಯೂ ಉಂಟು. ಮಂದಾರ್ತಿ ಕ್ಷೇತ್ರವೊಂದರಿಂದಲೇ ಐದು ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಊರೂರಿನ ಗರಡಿ, ದೈವಸ್ಥಾನಗಳಲ್ಲಿ ಕೋಲ ನೇಮಗಳು ನಡೆಯುತ್ತವೆ. ಕಾಪುವಿನ ಪಿಲಿಕೋಲ ಎರಡು ವರ್ಷಕ್ಕೊಮ್ಮೆ ಬರುತ್ತದೆ. ವಿಟ್ಲಪಿಂಡಿಯ ದಿನ ಉಡುಪಿಯ ಬೀದಿಗಳಲ್ಲಿ ಹುಲಿವೇಷಗಳು ತುಂಬುತ್ತವೆ. ಉಡುಪಿ, ಮಣಿಪಾಲಗಳಲ್ಲಿ ಭರತನಾಟ್ಯ ಕಲಿಯುವ ಹೆಣ್ಣುಮಕ್ಕಳೂ ಬಹಳ. ಇವರೆಲ್ಲರ ದಾರಿ ಬೇರೆ ಬೇರೆಯಾದರೂ ದೇಹದ ನಿಯಮಗಳು ಒಂದೇ. ಯಕ್ಷಗಾನದ ಕಲಾವಿದರನ್ನು ಮುಖ್ಯವಾಗಿಟ್ಟುಕೊಂಡು, ಉಳಿದವರನ್ನು ಅಲ್ಲಲ್ಲಿ ಸೇರಿಸಿಕೊಂಡು ವಿಚಾರ ಮಾಡೋಣ.

ನಿದ್ರೆಯ ಲೆಕ್ಕ

ಮೇಳದ ತಿರುಗಾಟ ಸಾಮಾನ್ಯವಾಗಿ ನವೆಂಬರಿನಲ್ಲಿ ತೊಡಗಿ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯವರೆಗೆ ನಡೆಯುತ್ತದೆ. ಸುಮಾರು ಆರು ತಿಂಗಳು, ಪ್ರತಿ ರಾತ್ರಿ ಒಂದೊಂದು ಊರು. ಸಂಜೆ ಚೌಕಿ ಸೇರುವುದು, ಬಣ್ಣ ಹಚ್ಚುವುದು, ವೇಷ ಕಟ್ಟುವುದು, ಕುಣಿಯುವುದು, ಬೆಳಗ್ಗೆ ಬಣ್ಣ ತೆಗೆದು ಮುಂದಿನ ಊರಿಗೆ ಹೊರಡುವುದು. ಹಗಲಿನಲ್ಲಿ ಸಿಕ್ಕಿದ ಜಗಲಿಯಲ್ಲಿ, ಶಾಲೆಯ ಕೋಣೆಯಲ್ಲಿ, ಬಸ್ಸಿನ ಆಸನದಲ್ಲಿ ಕಣ್ಣುಮುಚ್ಚುವುದೇ ನಿದ್ರೆ.

ಹಗಲು ಮಲಗಿದರೆ ರಾತ್ರಿಯ ನಷ್ಟ ತುಂಬಿತೆಂದು ತಿಳಿಯುವವರುಂಟು. ವಿಜ್ಞಾನ ಹಾಗೆ ಹೇಳುವುದಿಲ್ಲ. ನಮ್ಮ ದೇಹದ ಒಳಗೆ ಇಪ್ಪತ್ತನಾಲ್ಕು ಗಂಟೆಗೆ ಒಮ್ಮೆ ಸುತ್ತುವ ಗಡಿಯಾರದಂಥ ವ್ಯವಸ್ಥೆಯೊಂದಿದೆ. ಅದು ಬೆಳಕು ಕತ್ತಲೆಗಳನ್ನು ನೋಡಿ ನಡೆಯುತ್ತದೆ. ಅದರ ಒಳಮರ್ಮವನ್ನು ಕಂಡುಹಿಡಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹಗಲಿನ ನಿದ್ರೆ ಚಿಕ್ಕದು, ಹಗುರವಾದುದು. ಸದ್ದು, ಸೆಕೆ, ಬೆಳಕುಗಳಿಂದ ಮೇಲಿಂದ ಮೇಲೆ ಮುರಿಯುವಂಥದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿಯೂ ಮತ್ತೆ 2019ರಲ್ಲಿಯೂ ರಾತ್ರಿಪಾಳಿಯ ದುಡಿಮೆಯನ್ನು ಕ್ಯಾನ್ಸರಿಗೆ ಕಾರಣವಾಗುವ ಸಂಭವವಿರುವ ವಿಷಯಗಳ ಪಟ್ಟಿಗೆ ಸೇರಿಸಿತು. ರಾತ್ರಿಪಾಳಿ ಎಂದರೆ ಕಾರ್ಖಾನೆ, ಆಸ್ಪತ್ರೆಗಳು ನಮ್ಮ ನೆನಪಿಗೆ ಬರುತ್ತವೆ. ಆರು ತಿಂಗಳ ರಾತ್ರಿಪಾಳಿ ಮಾಡುವ ಮೇಳದವರು ಬರುವುದಿಲ್ಲ.

ಕಾಲಮಿತಿಯ ಪ್ರಯೋಗದಿಂದ ಈ ಕಷ್ಟ ಸ್ವಲ್ಪ ಹಗುರವಾಗಿದೆ. ಧರ್ಮಸ್ಥಳ ಮೇಳ ಮೊದಲೇ ಈ ದಾರಿ ಹಿಡಿದಿತ್ತು. ಕಟೀಲು ಮೇಳಗಳು 2022ರ ತಿರುಗಾಟದಲ್ಲಿ ಕಾಲಮಿತಿಗೆ ಹೊರಳಿದಾಗ ಕರಾವಳಿಯಲ್ಲೆಲ್ಲ ದೊಡ್ಡ ಚರ್ಚೆಯಾಯಿತು. ಇಡೀ ರಾತ್ರಿಯ ಆಟದಲ್ಲಿ ಪ್ರಸಂಗ ಅರಳುವ ಬಗೆ ಬೇರೆ, ಹರಕೆಯ ಭಾವನೆ ಬೇರೆ ಎಂದು ಹಿರಿಯರು ಹೇಳುವುದರಲ್ಲಿ ಸತ್ಯವಿದೆ. ಆದರೆ ಆ ಚರ್ಚೆಯಲ್ಲಿ ಧ್ವನಿವರ್ಧಕದ ನಿಯಮ, ಪ್ರೇಕ್ಷಕರ ಅನುಕೂಲ, ಸಂಪ್ರದಾಯ ಇವು ಮೂರೂ ಬಂದಷ್ಟು ಕಲಾವಿದನ ನಿದ್ರೆ ಬರಲಿಲ್ಲವೆಂಬುದು ನನಗೆ ಸೋಜಿಗವಾಗಿ ಕಂಡಿತು. ಇನ್ನೊಂದು ಮಾತು. ಆಟ ನಡುರಾತ್ರಿಗೆ ಮುಗಿದ ಮೇಲೆ ಮನೆಯಲ್ಲಿ ಮಲಗುವ ಆಸೆಯಿಂದ ಎಷ್ಟೋ ಮಂದಿ ಬೈಕು ಹತ್ತಿ ದೂರದ ಊರಿಗೆ ಹೊರಡುತ್ತಾರೆ. ಉಳಿದ ನಿದ್ರೆ ರಸ್ತೆಯ ಮೇಲೆ ಖರ್ಚಾಗುತ್ತದೆ, ಅಪಾಯವೂ ಜೊತೆಗೂಡುತ್ತದೆ. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಇನ್ನೂ ತುಂಬು ಹರೆಯದಲ್ಲಿದ್ದಾಗ ರಸ್ತೆ ಅಪಘಾತದಲ್ಲಿ ತೀರಿಹೋದದ್ದನ್ನು ಈ ನಾಡು ಇಂದಿಗೂ ಮರೆತಿಲ್ಲ. ಆದುದರಿಂದ ಕಾಲಮಿತಿಯೊಂದೇ ಸಾಲದು. ಆಟ ಮುಗಿದಲ್ಲಿಯೇ ಬೆಳಗಿನವರೆಗೆ ಮಲಗಲು ಒಂದು ಒಳ್ಳೆಯ ಜಾಗ, ಒಂದು ಫ್ಯಾನು, ಒಂದು ಸೊಳ್ಳೆಪರದೆ ದೊರೆಯಬೇಕು.

ನೀರು ಮತ್ತು ಬೆವರು

ನನ್ನ ಸೋದರಮಾವನವರು ಒಂದು ಮೇಳದಲ್ಲಿ ಪುಂಡುವೇಷ ಮಾಡುವವರು. ಬಾಲ್ಯದಿಂದಲೂ ಚೌಕಿಯ ಬಾಗಿಲಲ್ಲಿ ನಿಂತು ನಾನು ನೋಡಿದ್ದೇನೆ: ವೇಷ ಕಟ್ಟುವ ಹೊತ್ತು ಹತ್ತಿರ ಬಂದಂತೆ ಅವರು ನೀರಿನ ಚೆಂಬನ್ನು ದೂರ ಸರಿಸುತ್ತಾರೆ. "ಮಾವ, ಇಷ್ಟು ಸೆಕೆಯಲ್ಲಿ ನೀರು ಯಾಕೆ ಬೇಡ?" ಎಂದು ಒಮ್ಮೆ ಕೇಳಿದೆ. "ಕಟ್ಟಿದ ವೇಷ ಬಿಚ್ಚಿ ಪುನಃ ಕಟ್ಟಲಿಕ್ಕೆ ಪುರುಸೊತ್ತು ಎಲ್ಲಿದೆ ಮಗಾ? ಕುಡಿದರೆ ಅಲ್ಲವಾ ಹೊರಗೆ ಹೋಗಬೇಕಾಗುವುದು!" ಎಂದು ನಕ್ಕರು. ಅವರ ನಗುವಿನಲ್ಲಿ ಒಂದು ದೊಡ್ಡ ಆರೋಗ್ಯಪ್ರಶ್ನೆಯೇ ಅಡಗಿದೆ.

ಉಡುಗೆಯ ಪದರಗಳು, ಭುಜಕೀರ್ತಿ, ಎದೆಕಟ್ಟು, ಬಿಗಿದ ಕಿರೀಟ ಅಥವಾ ಮುಂಡಾಸು, ಮೇಲೆ ದೀಪದ ಬಿಸಿ. ಇವುಗಳ ನಡುವೆ ಕುಣಿಯುವವನು ಧಾರಾಳವಾಗಿ ಬೆವರುತ್ತಾನೆ. ಬೆವರು ಆರಿದರೆ ತಾನೆ ದೇಹ ತಣ್ಣಗಾಗುವುದು? ಪದರಗಳೊಳಗೆ ಅದು ಆರುವುದಿಲ್ಲ. ಬೆವರಿನೊಡನೆ ನೀರೂ ಉಪ್ಪೂ ಹೊರಹೋಗುತ್ತವೆ. ತಲೆನೋವು, ಸ್ನಾಯುಸೆಳೆತ, ಕಣ್ಣುಕತ್ತಲೆ ಬರುವುದು ಇದರಿಂದಲೇ. ವರ್ಷಗಟ್ಟಲೆ ನೀರು ಕಡಿಮೆ ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಮೂತ್ರದ ಬಣ್ಣ ಗಾಢವಾಗುತ್ತಿದ್ದರೆ ನೀರು ಸಾಲದೆಂಬುದಕ್ಕೆ ಅದೇ ಎಚ್ಚರಿಕೆ.

ಹುಲಿವೇಷಧಾರಿಯ ಕಷ್ಟ ಇನ್ನೂ ವಿಶೇಷವಾದುದು. ಮೈತುಂಬ ಎಣ್ಣೆಬಣ್ಣ ಬಳಿದುಕೊಂಡು, ಅದು ಒಣಗುವವರೆಗೆ ತೋಳು ಚಾಚಿ ನಿಂತೇ ಇರಬೇಕು. ಬೆವರು ಹೊರಬರುವ ದಾರಿಯೇ ಮುಚ್ಚುತ್ತದೆ. ಬಣ್ಣ ತೆಗೆಯಲು ಸೀಮೆಎಣ್ಣೆ, ಥಿನ್ನರುಗಳಿಂದ ಉಜ್ಜಿದರೆ ಚರ್ಮ ಉರಿಯುತ್ತದೆ. ಕೋಲ ಮತ್ತು ಯಕ್ಷಗಾನಗಳ ಹಳೆಯ ಕ್ರಮದಲ್ಲಿ ಮುಖಕ್ಕೆ ಹಚ್ಚುತ್ತಿದ್ದ ಅರದಾಳವು ಆರ್ಸೆನಿಕ್ ಸೇರಿದ ಖನಿಜ, ಇಂಗಳೀಕವು ಪಾದರಸ ಸೇರಿದ ಖನಿಜ. ಹಿಂದಿನವರಿಗೆ ಅದರ ವಿಷ ತಿಳಿದಿರಲಿಲ್ಲ, ನಮಗೆ ತಿಳಿದಿದೆ. ಚರ್ಮಕ್ಕೆ ಹಿತವಾದ ಬಣ್ಣ, ತೆಗೆಯಲು ತೆಂಗಿನೆಣ್ಣೆ, ಬಳಿಕ ಸಾಬೂನಿನ ಸ್ನಾನ: ಇಷ್ಟಕ್ಕೆ ತಗಲುವ ವೆಚ್ಚ ಹೆಚ್ಚಿನದಲ್ಲ.

ಪರಿಹಾರ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ವೇಷ ಕಟ್ಟುವುದಕ್ಕೆ ಎರಡು ಗಂಟೆ ಮೊದಲು ಸಾಕಷ್ಟು ನೀರು ಕುಡಿದು, ಬಹಿರ್ದೆಸೆಯ ಕೆಲಸ ಮುಗಿಸಿಕೊಂಡರೆ ಭಯ ಕಡಿಮೆ. ಎರಡು ಪ್ರವೇಶಗಳ ನಡುವೆ ಉಪ್ಪು ಹಾಕಿದ ಗಂಜಿತಿಳಿಯನ್ನೋ ಮಜ್ಜಿಗೆಯನ್ನೋ ಗುಟುಕುಗುಟುಕಾಗಿ ಕುಡಿಯಬಹುದು. ಎಳನೀರಿನಲ್ಲಿ ಪೊಟ್ಯಾಸಿಯಮ್ ಇದೆ, ಬೆಲ್ಲದ ಪಾನಕದಲ್ಲಿ ಶಕ್ತಿಯಿದೆ. ತೀರ ಬಳಲಿದವನಿಗೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು. ಇವೆಲ್ಲಕ್ಕೂ ಮೊದಲು ಚೌಕಿಯ ಹತ್ತಿರ ನೀರಿರುವ ಒಂದು ಶೌಚಗೃಹ ಬೇಕು. ರಂಗಸ್ಥಳಕ್ಕೆ ಸಾವಿರ ದೀಪ ಹಾಕಿಸುವವರು ಚೌಕಿಯ ಹಿಂದೆ ಒಂದು ದೀಪವನ್ನೂ ಒಂದು ಬಾಗಿಲನ್ನೂ ಮರೆಯಬಾರದು. ಇಂದು ಹೆಂಗಸರೂ ವೇಷ ಕಟ್ಟುತ್ತಿರುವಾಗ ಇದು ಇನ್ನಷ್ಟು ಅಗತ್ಯ.

ಊಟ ಬಲ್ಲವನಿಗೆ ರೋಗವಿಲ್ಲ

ಗಾದೆಯೇನೋ ಸರಿ, ಆದರೆ ಮೇಳದವನ ಊಟ ಅವನ ಕೈಯಲ್ಲಿಲ್ಲ. ಇಂದು ಒಂದು ಮನೆಯ ಹಬ್ಬದೂಟ, ನಾಳೆ ಇನ್ನೊಂದು ಊರಿನ ತಣ್ಣನೆಯ ಅನ್ನ. ಹೊತ್ತು ತಪ್ಪಿದ ಊಟ, ಹೊಟ್ಟೆ ತುಂಬ ಉಂಡ ಕೂಡಲೆ ಬಿಗಿದ ಸೊಂಟಪಟ್ಟಿ, ನಡುರಾತ್ರಿಯಲ್ಲಿ ಮೇಲಿಂದ ಮೇಲೆ ಚಹಾ. ಎದೆಯುರಿ, ಸಕ್ಕರೆ ಕಾಯಿಲೆಗಳಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇರೆ ಇಲ್ಲ. ಊಟ ಕುಣಿತಕ್ಕೆ ಎರಡು ಮೂರು ಗಂಟೆ ಮೊದಲೇ ಆಗಿರಬೇಕು. ಮಿತವಾಗಿಯೂ ಬಿಸಿಯಾಗಿಯೂ ಇರಬೇಕು.

ಏನನ್ನು ಉಣ್ಣಬೇಕೆಂದರೆ, ನಮ್ಮ ಕರಾವಳಿಯ ಬಡವರ ಊಟವೇ ಕುಣಿಯುವವನಿಗೆ ಉತ್ತಮವಾದುದೆಂದು ಧೈರ್ಯವಾಗಿ ಹೇಳಬಹುದು. ಕುಚ್ಚಲಕ್ಕಿಯನ್ನು ಭತ್ತವಾಗಿರುವಾಗಲೇ ಬೇಯಿಸುವುದರಿಂದ ತವುಡಿನಲ್ಲಿರುವ ಬಿ ಜೀವಸತ್ವಗಳು ಅಕ್ಕಿಯೊಳಗೆ ಇಳಿಯುತ್ತವೆ; ಬೆಳ್ತಿಗೆಯಲ್ಲಿ ಅವು ತವುಡಿನೊಡನೆ ಹೋಗಿಬಿಡುತ್ತವೆ. ಹುರುಳಿಯ ಸಾರಿನಲ್ಲಿ ಸಸಾರಜನಕವೂ ಕಬ್ಬಿಣವೂ ಇವೆ. ಕಾಪು, ಮಲ್ಪೆಗಳ ಕಡಲು ಕೊಡುವ ಬೂತಾಯಿ, ಬಂಗುಡೆಗಳು ಅಗ್ಗವಾದರೂ ದೊಡ್ಡ ಮೀನುಗಳಿಗಿಂತ ಪೋಷಣೆಯಲ್ಲಿ ಕೀಳಲ್ಲ. ಮೀನು ತಿನ್ನದವರಿಗೆ ಮೊಳಕೆ ಹೆಸರು, ನೆಲಗಡಲೆ, ಮೊಸರು ಇವೆ. ಎಲುಬಿಗೆ ಬೇಕಾದ ಕ್ಯಾಲ್ಸಿಯಂ ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚಾಗಿದೆ. ಊಟದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ; ಎರಡರ ನಡುವೆ ಒಂದು ಗಂಟೆಯ ಅಂತರವಿರಲಿ.

ನಿದ್ರೆ ತಡೆಯಲೆಂದು ಬಾಯಿಗೆ ಹಾಕುವ ಅಡಕೆ, ಹೊಗೆಸೊಪ್ಪುಗಳ ವಿಷಯ ಹೇಳದೆ ಈ ಭಾಗ ಪೂರ್ಣವಾಗದು. ಹೊಗೆಸೊಪ್ಪಿಲ್ಲದ ಎಲೆಯಡಕೆಯನ್ನೂ ಕ್ಯಾನ್ಸರಿಗೆ ಖಚಿತ ಕಾರಣವೆಂದು ಮೇಲೆ ಹೇಳಿದ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಸಾರಿದೆ. ಅಡಕೆ ನಮ್ಮ ನಾಡಿನ ಬೆಳೆ, ನಮ್ಮ ಗೌರವದ ತಾಂಬೂಲ. ಹಾಗೆಂದು ಇಡೀ ರಾತ್ರಿ ಕೆನ್ನೆಯಲ್ಲಿಟ್ಟರೆ ಅದು ಗೌರವವನ್ನು ನೋಡುವುದಿಲ್ಲ.

ಭರತನಾಟ್ಯದ ಹುಡುಗಿಯರ ಸಮಸ್ಯೆ ಇದಕ್ಕೆ ಹಿಮ್ಮೊಗವಾದುದು. ಅಲ್ಲಿ ಊಟ ಸಿಗದಿರುವುದಲ್ಲ, ತೆಳ್ಳಗಿರಬೇಕೆಂದು ಉಣ್ಣದಿರುವುದು. ದುಡಿಮೆಗೆ ತಕ್ಕಷ್ಟು ಆಹಾರವಿಲ್ಲದಿದ್ದರೆ ಮುಟ್ಟು ಏರುಪೇರಾಗುತ್ತದೆ, ಎಲುಬು ಟೊಳ್ಳಾಗುತ್ತದೆ, ಮನಸ್ಸು ಕುಗ್ಗುತ್ತದೆ ಎಂದು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಎಚ್ಚರಿಸಿದರು. ಇದು ಓಟಗಾರ್ತಿಯರಿಗೆ ಹೇಗೋ ನರ್ತಕಿಯರಿಗೂ ಹಾಗೆಯೇ. ಅಲ್ಲದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಅಭ್ಯಾಸದಲ್ಲಿ ಬೇಗ ದಣಿಯುವ ಹುಡುಗಿಯನ್ನು ಸೋಮಾರಿಯೆನ್ನುವ ಮೊದಲು ಅವಳ ರಕ್ತಪರೀಕ್ಷೆ ಮಾಡಿಸುವುದು ಲೇಸು.

ಮಂಡಿಯ ನೋವು

ಬಡಗಿನ ಮಂಡಿಕುಣಿತಕ್ಕೂ ತೆಂಕಿನ ಧಿಗಿಣಕ್ಕೂ ಚಪ್ಪಾಳೆ ತಟ್ಟದವರಾರು? ಮೊಣಕಾಲೂರಿ ಗಿರಕಿ ಹೊಡೆಯುವಾಗ ಕೀಲಿನ ಮೃದ್ವಸ್ಥಿ ತೇಯುತ್ತದೆ. ಅದಕ್ಕೆ ನೇರವಾದ ರಕ್ತಸಂಚಾರವಿಲ್ಲದುದರಿಂದ ಒಮ್ಮೆ ಕೆಟ್ಟರೆ ಸುಲಭವಾಗಿ ಮಾಗುವುದಿಲ್ಲ. ಹದಿನೆಂಟರ ಹುಡುಗನಿಗೆ ಇದು ತಿಳಿಯದು. ನಲವತ್ತರಲ್ಲಿ ಮೆಟ್ಟಿಲು ಹತ್ತುವಾಗ ತಿಳಿಯುತ್ತದೆ. ಪ್ರೇಕ್ಷಕರು ಎಣಿಸುತ್ತಾ ಕೂಗಿದಂತೆಲ್ಲ ಇನ್ನೂ ಹತ್ತು ಸುತ್ತು ಸುತ್ತುವ ಹುಡುಗನ ಮಂಡಿಯನ್ನು ನಾವೇ ತೇಯುತ್ತಿದ್ದೇವೆಂದು ಹೇಳಿದರೆ ತಪ್ಪಾಗದು. ಕುಣಿತಕ್ಕೆ ಮೊದಲು ಕೈಕಾಲು ಸಡಿಲಿಸುವುದು, ತೊಡೆಯ ಸ್ನಾಯುಗಳನ್ನು ಬಲಪಡಿಸುವುದು, ಮಂಡಿಗೆ ಮೆತ್ತನೆಯ ಪಟ್ಟಿ ಕಟ್ಟುವುದು, ನೋವಿದ್ದ ದಿನ ಹಗುರವಾದ ವೇಷ ಕೊಡುವುದು, ಇವು ಕಲೆಗೆ ಕುಂದಲ್ಲ. ನೃತ್ಯಗಾರರ ವೈದ್ಯಕ್ಕೆಂದೇ ಒಂದು ಅಂತಾರಾಷ್ಟ್ರೀಯ ಸಂಘ 1990ರಲ್ಲಿ ಹುಟ್ಟಿದೆ. ನಮ್ಮಲ್ಲಿಯೂ ಅನುಕೂಲ ಕಡಿಮೆಯಿಲ್ಲ. 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಮಣಿಪಾಲದಲ್ಲಿದೆ. 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರ ಅಲ್ಲಿಂದ ಕೆಲವೇ ಮೈಲಿ ದೂರದ ಇಂದ್ರಾಳಿಯಲ್ಲಿದೆ. ಹೆಜ್ಜೆ ಕಲಿಸುವವರೂ ಕೀಲು ಬಲ್ಲವರೂ ಒಟ್ಟಿಗೆ ಕುಳಿತು ಮೇಳದವರಿಗಾಗಿ ಒಂದು ಚಿಕ್ಕ ವ್ಯಾಯಾಮಕ್ರಮವನ್ನು ರೂಪಿಸಿದರೆ ಎಷ್ಟು ಚೆನ್ನಾಗಿರುತ್ತದೆ!

ಕಿರೀಟ ಇಳಿದ ಮೇಲೆ

ದೇಹದ ನೋವನ್ನು ಹೇಳಿಕೊಳ್ಳಬಹುದು. ಮನಸ್ಸಿನದನ್ನು ಹೇಳಿಕೊಳ್ಳುವುದು ಕಷ್ಟ. ರಾತ್ರಿ ದೇವೇಂದ್ರನಾಗಿ ಒಡ್ಡೋಲಗ ಕೊಟ್ಟವನು ಬೆಳಗ್ಗೆ ಸಾಲದ ಕಂತಿನ ಚಿಂತೆಯೊಡನೆ ಬಸ್ಸಿಗೆ ಕಾಯುತ್ತಾನೆ. ಮಗುವಿನ ಜ್ವರಕ್ಕೂ ಶಾಲೆಯ ಸಭೆಗೂ ಅವನು ಮನೆಯಲ್ಲಿರುವುದಿಲ್ಲ. "ಮೇಳದವನಿಗೆ ಹೆಣ್ಣು ಕೊಡುವುದು ಹೇಗೆ?" ಎಂಬ ಮಾತು ಇಂದಿಗೂ ನಿಂತಿಲ್ಲ. ಸ್ತ್ರೀವೇಷ ಮಾಡುವವನು ರಂಗದಲ್ಲಿ ಹೊಗಳಿಕೆಯನ್ನೂ ಬೀದಿಯಲ್ಲಿ ಕುಚೋದ್ಯವನ್ನೂ ಒಟ್ಟಿಗೆ ಪಡೆಯುತ್ತಾನೆ. ಒಂದು ಹೆಜ್ಜೆ ತಪ್ಪಿದರೆ ಅದು ಬೆಳಗಾಗುವುದರೊಳಗೆ ಊರೆಲ್ಲರ ಮೊಬೈಲಿನಲ್ಲಿ ನಗೆಪಾಟಲಾಗುತ್ತದೆ. ಪತ್ತನಾಜೆಯ ಬಳಿಕ ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳದಲ್ಲಿ ಮನೆಮನೆಗೆ ಹೋಗುತ್ತಾರೆ, ಕೆಲವರು ಗದ್ದೆಗೆ ಇಳಿಯುತ್ತಾರೆ. ಉಳಿದವರಿಗೆ ಬರಿದಾದ ದಿನಗಳು. ಆ ಶೂನ್ಯವನ್ನು ಕುಡಿತದಿಂದ ತುಂಬಲು ಹೊರಟವರ ಮನೆಗಳನ್ನು ನಮ್ಮಲ್ಲಿ ಅನೇಕರು ಬಲ್ಲೆವು.

ದೈವನರ್ತಕರ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ನಲಿಕೆ, ಪಂಬದ, ಪರವ ಸಮುದಾಯಗಳ ಇವರ ಮುಂದೆ ರಾತ್ರಿ ಇಡೀ ಊರು ಕೈಮುಗಿದು ನಿಲ್ಲುತ್ತದೆ. ಅಣಿ ಇಳಿಸಿದ ಮರುಗಳಿಗೆಯಲ್ಲಿ ಅದೇ ಊರು ಅವರನ್ನು ಜಾತಿಯಿಂದ ಅಳೆಯುತ್ತದೆ. ಮನಸ್ಸಿನ ಸ್ವಾಸ್ಥ್ಯಕ್ಕೆ ಮೊದಲ ಔಷಧ ಗೌರವ. ಅದನ್ನು ಯಾವ ಆಸ್ಪತ್ರೆಯೂ ಕೊಡಲಾರದು, ನೆರೆಹೊರೆಯವರೇ ಕೊಡಬೇಕು.

ನಿದ್ರೆ ಬಾರದಿರುವುದು, ಮೆಚ್ಚಿದ ವೇಷದಲ್ಲಿಯೂ ಆಸಕ್ತಿ ಕಳೆದುಹೋಗುವುದು, ಕಾರಣವಿಲ್ಲದ ಸಿಟ್ಟು, ಬದುಕು ಬೇಡವೆಂಬ ಮಾತು, ಇವು ಎರಡು ವಾರ ಮೀರಿ ನಿಂತರೆ ಅದು ಸೊಕ್ಕೂ ಅಲ್ಲ, ಮಾಟವೂ ಅಲ್ಲ. ವೈದ್ಯರ ಸಹಾಯ ಬೇಕಾದ ಕಾಯಿಲೆ. ಬದುಕು ಬೇಡವೆಂಬ ಮಾತು ಬಂದರೆ ಎರಡು ವಾರವನ್ನೂ ಕಾಯಬಾರದು, ಅಂದೇ ಜೊತೆಗೆ ಕುಳಿತು ಸಹಾಯ ಕೋರಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ವ್ಯವಸ್ಥೆಯ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ರಾತ್ರಿ ಎಚ್ಚರವಿರುವ ಜನಕ್ಕೆ ರಾತ್ರಿಯಲ್ಲಿಯೂ ದೊರೆಯುವ ಸಹಾಯವಿದು. ಈ ಸಂಖ್ಯೆ ಪ್ರತಿ ಚೌಕಿಯ ಕನ್ನಡಿಯ ಪಕ್ಕದಲ್ಲಿ ಬರೆದಿರಬೇಕೆಂದು ನನ್ನ ಆಶೆ.

ಆಗಿರುವುದು, ಆಗಬೇಕಾದದ್ದು

ಈ ದಿಕ್ಕಿನಲ್ಲಿ ಏನೂ ನಡೆದಿಲ್ಲವೆಂದರೆ ಕೃತಘ್ನತೆಯಾದೀತು. 1975ರಲ್ಲಿ ಉಡುಪಿಯಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗವು ಕಲಾವಿದರ ಚಿಕಿತ್ಸೆಗೂ ಮನೆಗೂ ಮಕ್ಕಳ ವಿದ್ಯೆಗೂ ನೆರವಾಗುತ್ತ ಬಂದಿದೆ. 2015ರಲ್ಲಿ ಆರಂಭವಾದ ಯಕ್ಷಧ್ರುವ ಪಟ್ಲ ಫೌಂಡೇಶನ್ ಅದೇ ಹಾದಿಯಲ್ಲಿ ನಡೆದಿದೆ. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರಕಾರ 2022ರ ಅಕ್ಟೋಬರಿನಲ್ಲಿ ಪ್ರಕಟಿಸಿತು. 2018ರ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವುಂಟು.

ಆದರೆ ಇವುಗಳಲ್ಲಿ ಹೆಚ್ಚಿನವು ಕಾಯಿಲೆ ಬಂದ ಮೇಲೆ, ವಯಸ್ಸಾದ ಮೇಲೆ, ಮನೆ ಬಿದ್ದ ಮೇಲೆ ಒದಗುವ ನೆರವುಗಳು. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಅಂಥ ಮರಣವನ್ನು ಧನ್ಯವೆಂದು ನಾವು ಹೊಗಳುತ್ತೇವೆ. ಹೊಗಳಿಕೆ ಸರಿಯೇ. ಆದರೆ ರಂಗದಲ್ಲಿಯೇ ಕುಸಿಯುವುದು ಕಲಾವಿದನ ಭಾಗ್ಯವೆಂದು ತಿಳಿದು, ವರ್ಷಕ್ಕೊಮ್ಮೆ ಅವನ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುವ ಸಣ್ಣ ಕೆಲಸವನ್ನು ನಾವು ಬಿಟ್ಟುಬಿಡಬಾರದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ, ಶಾಲು ಹಣ್ಣುಗಳ ಸನ್ಮಾನಕ್ಕೆ ನಾವು ಯಾವಾಗಲೂ ಮುಂದು. ಹೊತ್ತಿಗೆ ಸರಿಯಾದ ಬಿಸಿ ಗಂಜಿಗೆ ಹಿಂದು. ಸನ್ಮಾನ ಒಂದು ದಿನದ್ದು, ಗಂಜಿ ಆರು ತಿಂಗಳದ್ದು.

ಇದಕ್ಕೆ ಸರಕಾರವನ್ನೇ ಕಾಯಬೇಕಾಗಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ನನ್ನಂತೆ ಆಟ ಆಡಿಸುವ ಮನೆಗಳಿಂದಲೂ ಆಟ ಆಡುವ ಮನೆಗಳಿಂದಲೂ ಬಂದವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ಪುಸ್ತಕದಲ್ಲಿ ಓದಿದ್ದನ್ನು ಮನೆಯ ಅಂಗಳಕ್ಕೆ ಒಯ್ಯಬಲ್ಲವರು ನಾವೇ. ನಮ್ಮ ಊರಿನಲ್ಲಿ ಹರಕೆಯ ಆಟ ಗೊತ್ತಾದಾಗ ಐದು ವಿಷಯಗಳನ್ನು ನೋಡಿಕೊಳ್ಳೋಣ: ಸಂಜೆ ಆರು ಗಂಟೆಯೊಳಗೆ ಬಿಸಿಯೂಟ, ಚೌಕಿಯಲ್ಲಿ ಕುದಿಸಿ ಆರಿಸಿದ ನೀರು ಮತ್ತು ಮಜ್ಜಿಗೆ, ದೀಪವುಳ್ಳ ಶೌಚಗೃಹ, ಆಟದ ಬಳಿಕ ಮಲಗಲು ಜಾಗ, ತುರ್ತಿಗೆ ಒಂದು ವಾಹನ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಘಟಕವು ಪತ್ತನಾಜೆಯ ನಂತರ ಹತ್ತಿರದ ಆರೋಗ್ಯ ಕೇಂದ್ರದವರೊಡನೆ ಸೇರಿ ಕಲಾವಿದರಿಗಾಗಿ ಒಂದು ದಿನದ ತಪಾಸಣೆ ಏರ್ಪಡಿಸಬಹುದು. ಅಧ್ಯಾಪಕರು ಮಾರ್ಗದರ್ಶನ ಮಾಡಿದರೆ ಇದು ಅಸಾಧ್ಯವೇನಲ್ಲ.

ಮೇಳ ಊರಿಗೆ ಬಂದಾಗ "ಇವತ್ತು ಯಾವ ಪ್ರಸಂಗ? ಯಾರ ವೇಷ?" ಎಂದು ಕೇಳುವುದು ನಮ್ಮ ರೂಢಿ. ಅದರೊಡನೆ "ಕಲಾವಿದರ ಊಟವಾಯಿತೇ? ಮಲಗಲು ಜಾಗವುಂಟೇ?" ಎಂಬ ಎರಡು ಪ್ರಶ್ನೆಗಳೂ ರೂಢಿಯಾಗಲಿ. ವೇಷದೊಳಗಿನ ಮನುಷ್ಯ ಸುಖವಾಗಿದ್ದರೆ ವೇಷ ತಾನಾಗಿಯೇ ಬೆಳಗುತ್ತದೆ.